ಬೇಗ, ಉದ್ವೇಗ, ಸಂವೇಗ

ತೆರಕಣಾಂಬಿಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ನನ್ನ ಸೋದರಳಿಯ ಮೊನ್ನೆ ರಾತ್ರಿ ಫೋನ್ ಮಾಡಿದ. ಮಳೆ, ಬೆಳೆ, ಯೋಗಕ್ಷೇಮ ಎಲ್ಲ ಮುಗಿದ ಮೇಲೆ ಕೇಳಿದ: "ಮಾವ, ಮೊಮೆಂಟಮ್‌ಗ ಕನ್ನಡ್ದಲ್ಲಿ ಯಾನಂತಾರ?"

ಅವನ ಪರೀಕ್ಷೆಗಳೆಲ್ಲ ಮುಗಿದು ಎಷ್ಟೋ ವರ್ಷವಾಯಿತು. ಈಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿಕೊಂಡು ಷೇರು ನೋಡುತ್ತಾನೆ. ಮನೆಯಲ್ಲಿ ಎರಡು ಎಕರೆ ಅರಿಸಿನವೂ ಇದೆ. ಅದರ ವಾಯಿದೆ ಧಾರಣೆಯನ್ನೂ ನೋಡುತ್ತಾನೆ. ಪರದೆಯ ಮೇಲರ್ಧದಲ್ಲಿ ಹಸಿರು, ಕೆಂಪು ಕಡ್ಡಿಗಳು. ಕೆಳಗೆ ಒಂದೇ ಒಂದು ಗೆರೆ, ಏಳುತ್ತಾ ಬೀಳುತ್ತಾ, ಹಾವು ಹರಿದ ಜಾಡಿನಂತೆ. ಆ ಗೆರೆಗೆ ಮೊಮೆಂಟಮ್ ಸೂಚಕ ಎನ್ನುತ್ತಾರೆ. ಅದರ ಕನ್ನಡ ಅವನಿಗೆ ಬೇಕಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನ ತಾಯಿ, ಎಂದರೆ ನನ್ನ ಅಕ್ಕ, ಆ ಕಡೆಯಿಂದ ಹೇಳಿದ್ದು ಕೇಳಿಸಿತು: "ದಮ್ಮು ಅನ್ನು, ಸಾಕು ಬುಡು."

ಅಕ್ಕ ತಪ್ಪು ಹೇಳಲಿಲ್ಲ. "ರೇಟು ಏರ್ತಾ ಅದ, ಆದ್ರ ದಮ್ಮಿಲ್ಲ ಕನ" ಎಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬೆಲೆ ಮೇಲೆ ಹೋಗುತ್ತಿದೆ, ಆದರೆ ಏದುಸಿರು ಬಿಡುತ್ತಾ ಹೋಗುತ್ತಿದೆ ಎಂದರ್ಥ. ಆ ಕೆಳಗಿನ ಗೆರೆ ಹೇಳುವುದೂ ಅದನ್ನೇ. ಉಸಿರು ಎಂಬರ್ಥದ ಪಾರಸಿಯ 'ದಮ್' ನಮ್ಮಲ್ಲಿಗೆ ಬಂದು ಉಸಿರೂ ಆಯಿತು, ಕಸುವೂ ಆಯಿತು, ಗೂರಲು ರೋಗದ ಹೆಸರೂ ಆಯಿತು. ಆದರೂ ಅಳಿಯನಿಗೆ ಪುಸ್ತಕದ ಪದ ಬೇಕಾಗಿತ್ತು. "ಸಂವೇಗ" ಎಂದೆ. "ಅದು ನಮ್ಮ ಸೈನ್ಸ್ ಮೇಷ್ಟ್ರ ಪದ ಅಲ್ವಾ?" ಎಂದ.

ಹೌದು, ಮೇಷ್ಟರ ಪದವೇ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಬಲ, ಚಲನೆಯ ಪಾಠ ಬರುತ್ತದೆ. ಅಲ್ಲಿ ಸಂವೇಗವೆಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ಸಿಗುವುದು. ಅರಿಸಿನದ ಮೂಟೆ ಹೇರಿದ ಲಾರಿಯೂ ಒಂದು ಸ್ಕೂಟರೂ ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರಿನಂತೆ ಹೋಗುತ್ತಿದ್ದರೆ ಎರಡರ ವೇಗ ಒಂದೇ, ಸಂವೇಗ ಬೇರೆ. ಎದುರಿಗೆ ಹಸು ಅಡ್ಡ ಬಂದಾಗ ಈ ವ್ಯತ್ಯಾಸ ಯಾರಿಗೂ ಹೇಳಿಕೊಡದೆ ತಿಳಿಯುತ್ತದೆ.

ಆದರೆ ಅದೇ ಊರಿನ ಇನ್ನೊಬ್ಬರು ಮೇಷ್ಟರನ್ನು, ಡಿ.ಎಡ್. ಮಾಡಿಕೊಂಡವರನ್ನು, ಕೇಳಿದರೆ ಉತ್ತರ ಬೇರೆ ಬರುತ್ತದೆ. ಅವರು ಓದಿದ ಮನೋವಿಜ್ಞಾನದಲ್ಲಿ ಸಂವೇಗ ಎಂದರೆ ಸಿಟ್ಟು, ಭಯ, ಅಕ್ಕರೆ, ಅಸೂಯೆ. ಮಗುವಿನ ಸಂವೇಗಾತ್ಮಕ ಬೆಳವಣಿಗೆ ಎಂದು ಅವರ ಪುಸ್ತಕದಲ್ಲಿ ಅಧ್ಯಾಯವೇ ಇರುತ್ತದೆ. ಒಂದೇ ಶಾಲೆ, ಅಕ್ಕಪಕ್ಕದ ಎರಡು ಕೊಠಡಿ. ಒಂದರಲ್ಲಿ ಸಂವೇಗ ಲಾರಿಯದು, ಇನ್ನೊಂದರಲ್ಲಿ ಮನಸ್ಸಿನದು. ಪಾರಿಭಾಷಿಕ ಪದ ಕಟ್ಟುವವರು ಒಬ್ಬರನ್ನೊಬ್ಬರು ಕೇಳದೆ ಕೆಲಸ ಮಾಡಿದ್ದರ ಫಲ ಇದು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಪದದ ಬುಡ ಕೆದಕಿದ ಮೇಲೆ ಹಾಗನ್ನಿಸುತ್ತಿಲ್ಲ.

ಬುಡದಲ್ಲಿರುವುದು 'ವಿಜ್' ಎಂಬ ಸಂಸ್ಕೃತ ಧಾತು. ಪಾಣಿನೀಯರ ಧಾತುಪಾಠ ಇದಕ್ಕೆ ಎರಡು ಅರ್ಥವನ್ನು ಒಟ್ಟಿಗೆ ಕೊಡುತ್ತದೆ: ಭಯ ಮತ್ತು ಚಲನೆ. ಹುಲಿಯ ವಾಸನೆ ಬಡಿದ ಜಿಂಕೆಯನ್ನು ನೋಡಿದವರಿಗೆ ಇವೆರಡೂ ಬೇರೆಯಲ್ಲ ಎಂದು ಗೊತ್ತಿರುತ್ತದೆ. ಬಂಡೀಪುರದ ಮಗ್ಗುಲಲ್ಲಿ ಬದುಕುವವರಿಗಂತೂ ಇದನ್ನು ವಿವರಿಸಬೇಕಿಲ್ಲ. ಮೊದಲು ಮೈ ನಡುಗುತ್ತದೆ, ಆಮೇಲೆ ಕಾಲು ಓಡುತ್ತದೆ. ಭಾಷೆ ಆ ಎರಡನ್ನೂ ಒಂದೇ ಧಾತುವಿನಲ್ಲಿ ಕಟ್ಟಿಟ್ಟಿದೆ.

ಆ ಧಾತುವಿನ ಮಕ್ಕಳು ಬಹಳ. ವೇಗ ಹಿರಿಯ ಮಗ. ಅವನು ಕನ್ನಡದ ಮನೆಗೆ ಬಂದು ಬೇಗ ಆದ. ವನ ಬನವಾದಂತೆ, ವಸತಿ ಬಸದಿಯಾದಂತೆ, ವೇಗವೂ ವಕಾರ ಕಳೆದುಕೊಂಡು ಬಕಾರ ಪಡೆಯಿತು. ಆದರೆ ಉಚ್ಚಾರದ ಜೊತೆಗೆ ಅರ್ಥವೂ ಒಂದು ಹೆಜ್ಜೆ ಸರಿಯಿತು. "ಬೇಗ ನಡಿ" ಎಂದಾಗ ಅದು ಇನ್ನೂ ವೇಗವೇ. "ಇವತ್ತು ಬೇಗ ಎದ್ದೆ" ಎಂದಾಗ ಅದರಲ್ಲಿ ವೇಗ ಏನೇನೂ ಇಲ್ಲ. ನಿಧಾನವಾಗಿ, ಆಕಳಿಸುತ್ತಲೇ ಎದ್ದಿರಬಹುದು. ಹೊತ್ತಿಗೆ ಮುಂಚೆ ಎಂಬುದಷ್ಟೇ ಅಲ್ಲಿಯ ಅರ್ಥ. ಓಟದ ಅಳತೆ ಗಡಿಯಾರದ ಅಳತೆಯಾಗಿ ಬದಲಾಯಿತು. ಈ ಸಣ್ಣ ಸರಿದಾಟವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯವನು ಉದ್ವೇಗ. ಇವನಲ್ಲಿ ಭಯದ ಪಾಲು ಜಾಸ್ತಿ. ಗೀತೆ ಸ್ಥಿತಪ್ರಜ್ಞನನ್ನು ವರ್ಣಿಸುವಾಗ ಉದ್ವಿಗ್ನನಾಗದವನು ಎನ್ನುವುದು ಇದೇ ಪದದಿಂದ. ಸೋಜಿಗವೆಂದರೆ ಅಮರಕೋಶದಲ್ಲಿ ಉದ್ವೇಗಕ್ಕೆ ಇನ್ನೊಂದು ಅರ್ಥವಿದೆ: ಅಡಿಕೆ! ಅಡಿಕೆ ಮರಕ್ಕೆ ಪೂಗ, ಕ್ರಮುಕ ಎಂದೆಲ್ಲ ಹೆಸರು ಹೇಳಿ, ಅದರ ಕಾಯಿಗೆ ಉದ್ವೇಗ ಎಂದು ಕೋಶಕಾರ ಅಮರಸಿಂಹ ಹೇಳುತ್ತಾನೆ. ಹಸಿ ಅಡಿಕೆ ಅಗಿದು ತಲೆ ಗಿರ್ರೆಂದವರಿಗೆ ಕಾರಣ ಕೇಳಬೇಕಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಯ ಧಾರಣೆ ನೋಡುತ್ತಾ ಕುಳಿತವರು ಇನ್ನೊಂದು ಕಾರಣವನ್ನೂ ಸೇರಿಸಿಯಾರು.

ಮೂರನೆಯವನು ನಮ್ಮ ಸಂವೇಗ. ಇವನನ್ನು ಹುಡುಕಿಕೊಂಡು ಚಾಮರಾಜನಗರ ತಾಲ್ಲೂಕಿನ ಮಲೆಯೂರಿಗೆ ಹೋಗಬೇಕು. ಊರ ಪಕ್ಕದ ಬೆಟ್ಟವೇ ಕನಕಗಿರಿ. ಮೇಲೆ ಪಾರ್ಶ್ವನಾಥನ ಬಸದಿ ಇದೆ. ಜೈನರಿಗೆ ಹಳೆಯ ಕ್ಷೇತ್ರ. 19ನೇ ಶತಮಾನದಲ್ಲಿ 'ರಾಜಾವಳೀ ಕಥೆ' ಬರೆದ ದೇವಚಂದ್ರನ ಊರೂ ಇದೇ. ಆಚಾರ್ಯ ಪೂಜ್ಯಪಾದರು ಈ ಬೆಟ್ಟದ ಮೇಲೆ ತಪಸ್ಸು ಮಾಡಿದರೆಂದು ಭಕ್ತರ ನಂಬಿಕೆ. ಪೂಜ್ಯಪಾದರು ವೈಯಾಕರಣರು, 'ಜೈನೇಂದ್ರ ವ್ಯಾಕರಣ' ಅವರದು. ಉಮಾಸ್ವಾಮಿಯ 'ತತ್ತ್ವಾರ್ಥಸೂತ್ರ'ಕ್ಕೆ ಅವರು ಬರೆದ ವ್ಯಾಖ್ಯಾನ 'ಸರ್ವಾರ್ಥಸಿದ್ಧಿ'.

ಆ ಸೂತ್ರಗ್ರಂಥದ ಆರನೇ ಅಧ್ಯಾಯದಲ್ಲಿ ತೀರ್ಥಂಕರತ್ವಕ್ಕೆ ಒಯ್ಯುವ ಹದಿನಾರು ಭಾವನೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಸಂವೇಗವೂ ಒಂದು. ಪೂಜ್ಯಪಾದರು ಅದನ್ನು ಬಿಡಿಸಿ ಹೇಳುವುದು ಹೀಗೆ: ಸಂಸಾರದ ದುಃಖಕ್ಕೆ ಸದಾ ಅಂಜಿಕೊಂಡಿರುವುದೇ ಸಂವೇಗ. ಅಂಜಿಕೆ ಎಂಬ ಹಳೆಯ ಅರ್ಥವನ್ನು ಅವರು ಕೈಬಿಡಲಿಲ್ಲ. ಆದರೆ ಅಂಜಿ ಓಡುವ ದಿಕ್ಕನ್ನು ಬದಲಿಸಿದರು. ಜಿಂಕೆ ಹುಲಿಯಿಂದ ಓಡುತ್ತದೆ, ಮುಮುಕ್ಷು ಸಂಸಾರದಿಂದ. ಏಳನೇ ಅಧ್ಯಾಯದಲ್ಲಿ ಇನ್ನೊಂದು ಸೂತ್ರ ಬರುತ್ತದೆ: ಜಗತ್ತಿನ ಸ್ವಭಾವವನ್ನೂ ದೇಹದ ಸ್ವಭಾವವನ್ನೂ ಚಿಂತಿಸಿದರೆ ಸಂವೇಗ, ವೈರಾಗ್ಯ ಹುಟ್ಟುತ್ತವೆ ಎಂದು.

ಬೌದ್ಧರಿಗೂ ಈ ಪದ ಬೇಕಾಗಿತ್ತು. ಅಶ್ವಘೋಷನ 'ಬುದ್ಧಚರಿತ'ದ ಮೂರನೇ ಸರ್ಗಕ್ಕೆ 'ಸಂವೇಗೋತ್ಪತ್ತಿ' ಎಂದೇ ಹೆಸರು. ಸಿದ್ಧಾರ್ಥ ರಥವೇರಿ ಹೊರಟು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಬೆಚ್ಚುವ ಸರ್ಗ ಅದು. ಪತಂಜಲಿಯ ಯೋಗಸೂತ್ರದಲ್ಲಿ ಸಂವೇಗ ತೀವ್ರವಾಗಿದ್ದವರಿಗೆ ಸಮಾಧಿ ಹತ್ತಿರ. ಅದರ ಮರುಸೂತ್ರದಲ್ಲೇ ಮೃದು, ಮಧ್ಯ, ಅಧಿಮಾತ್ರ ಎಂದು ಮೂರು ಪಟ್ಟಿ ಎಳೆದಿದ್ದಾನೆ. ಸಂವೇಗವನ್ನು ಅಳೆಯಬಹುದು, ಅದಕ್ಕೆ ಕೆಳಗೆರೆ ಮೇಲ್ಗೆರೆ ಹಾಕಬಹುದು ಎಂಬ ಯೋಚನೆ ಮೊಬೈಲಿಗಿಂತ ಹಳೆಯದು.

ಮುನಿಗಳ ಪದ ವಸ್ತುಗಳ ಕಡೆಗೆ ಬಂದದ್ದು ಹೇಗೆ? ಅದಕ್ಕೂ ಒಂದು ಹಳೆಯ ದಾರಿ ಇತ್ತು. ಬಿಲ್ಲಿನಿಂದ ಬಿಟ್ಟ ಬಾಣ ಹೆದೆಯನ್ನು ದಾಟಿದ ಮೇಲೂ ಏಕೆ ಹಾರುತ್ತಲೇ ಇರುತ್ತದೆ ಎಂದು ವೈಶೇಷಿಕ ದರ್ಶನದವರು ಕೇಳಿಕೊಂಡರು. ಕಣಾದನ ಸೂತ್ರಗಳ ಉತ್ತರ: ಮೊದಲ ಚಲನೆ ನೋದನದಿಂದ, ಎಂದರೆ ಹೆದೆಯ ನೂಕಿನಿಂದ. ಆ ಚಲನೆ ಬಾಣದಲ್ಲಿ ಒಂದು ಸಂಸ್ಕಾರವನ್ನು ಉಳಿಸುತ್ತದೆ. ಮುಂದಿನ ಚಲನೆಗಳು ಆ ಸಂಸ್ಕಾರದಿಂದ. ಸಂಸ್ಕಾರ ತೀರಿದಾಗ ಬಾಣ ತನ್ನ ಭಾರಕ್ಕೆ ಬೀಳುತ್ತದೆ. ಆ ಸಂಸ್ಕಾರದಲ್ಲಿ ಮೂರು ಬಗೆಯೆಂದು ವ್ಯಾಖ್ಯಾನಕಾರ ಪ್ರಶಸ್ತಪಾದ ವಿಂಗಡಿಸಿದ. ವೇಗ ಒಂದು. ನೆನಪನ್ನು ಹುಟ್ಟಿಸುವ ಭಾವನೆ ಎರಡನೆಯದು. ಬಗ್ಗಿಸಿದ ಬಿದಿರನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಸ್ಥಿತಿಸ್ಥಾಪಕ ಮೂರನೆಯದು. ಹೋದದ್ದು ಹೋಗುತ್ತಲೇ ಇರುವ ಗುಣ ಒಂದಾದರೆ, ಹೋದದ್ದು ಹಿಂದಕ್ಕೆ ಬರುವ ಗುಣ ಇನ್ನೊಂದು. ಷೇರುಪೇಟೆಯ ಇಡೀ ಜಗಳ ಈ ಎರಡರ ನಡುವೆಯೇ ಇದೆ.

ಅತ್ತ ಲ್ಯಾಟಿನ್ನಿನ ಮೊಮೆಂಟಮ್ ಪೇಟೆಯಲ್ಲೇ ಬೆಳೆದ ಪದ. ಅಲುಗಿಸು ಎಂಬರ್ಥದ ಧಾತುವಿನಿಂದ ಹುಟ್ಟಿದ ಅದಕ್ಕೆ ತಕ್ಕಡಿಯ ತಟ್ಟೆಯನ್ನು ಒಂದು ಕಡೆಗೆ ವಾಲಿಸುವ ಸಣ್ಣ ತೂಕ ಎಂಬ ಅರ್ಥವೂ ಇತ್ತು. ಕಾಲದ ಸಣ್ಣ ಚೂರಿಗೆ ಮೊಮೆಂಟ್ ಎನ್ನುವುದು ಅದರ ಇನ್ನೊಂದು ಕವಲು. 1687ರಲ್ಲಿ ಬಂದ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ಈ ಅಳತೆಯನ್ನು 'ಚಲನೆಯ ಪ್ರಮಾಣ' ಎಂದಷ್ಟೇ ಕರೆದ. ಮೊಮೆಂಟಮ್ ಎಂಬ ಹೆಸರು ಇಂಗ್ಲಿಷ್ ಪಾಠಗಳಲ್ಲಿ ನೆಲೆಯಾಯಿತು. ಕನ್ನಡಕ್ಕೆ ಭೌತವಿಜ್ಞಾನ ಬಂದಾಗ ವೇಗ ಆಗಲೇ ಒಂದು ಅಳತೆಗೆ ಮೀಸಲಾಗಿತ್ತು. ದ್ರವ್ಯರಾಶಿಯನ್ನೂ ಜೊತೆಗೂಡಿಸಿಕೊಂಡ ಅಳತೆಗೆ 'ಸಂ' ಸೇರಿಸಿದ ಸಂವೇಗ ಒದಗಿತು.

ಈಗ ಅಳಿಯನ ಪರದೆಗೆ ಬರೋಣ. ಅವನ ಸೂಚಕಗಳಲ್ಲಿ ಅತಿ ಸರಳವಾದದ್ದು ಬರೀ ಒಂದು ಕಳೆಯುವ ಲೆಕ್ಕ: ಇವತ್ತಿನ ಮುಕ್ತಾಯದ ಬೆಲೆಯಿಂದ ಹತ್ತು ದಿನದ ಹಿಂದಿನ ಬೆಲೆಯನ್ನು ಕಳೆಯುವುದು. ಉತ್ತರ ಧನವಾಗಿದ್ದು ದಿನದಿನಕ್ಕೆ ದೊಡ್ಡದಾದರೆ ಏರಿಕೆಗೆ ಕಸುವಿದೆ. ಧನವಾಗಿಯೇ ಇದ್ದು ಸಣ್ಣದಾಗುತ್ತಾ ಬಂದರೆ ಅಕ್ಕ ಹೇಳಿದ ಹಾಗೆ ದಮ್ಮು ಕಡಿಮೆಯಾಗುತ್ತಿದೆ. ಹನ್ನೆರಡು ದಿನದ ಸರಾಸರಿಯಿಂದ ಇಪ್ಪತ್ತಾರು ದಿನದ ಸರಾಸರಿ ಕಳೆಯುವ, ಜೆರಾಲ್ಡ್ ಆಪೆಲ್ ರೂಪಿಸಿದ ಎಂಎಸಿಡಿ ಎಂಬುದೂ ಇದೇ ಕುಲದ್ದು.

ಎಲ್ಲಕ್ಕಿಂತ ಹೆಸರಾದದ್ದು ಆರ್‌ಎಸ್‌ಐ. ಅಮೆರಿಕದ ವೆಲ್ಸ್ ವೈಲ್ಡರ್ ಅದನ್ನು 1978ರ ತನ್ನ ಪುಸ್ತಕದಲ್ಲಿ ಕೊಟ್ಟ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅವನ ಲೆಕ್ಕ ಅರಿಸಿನದ ಮೇಲೂ ನಡೆಯುತ್ತದೆ, ಏಕೆಂದರೆ ಅರಿಸಿನಕ್ಕೆ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನಲ್ಲಿ ವಾಯಿದೆ ವ್ಯಾಪಾರವಿದೆ. ಗುಂಡ್ಲುಪೇಟೆ, ಚಾಮರಾಜನಗರದ ಗೆಡ್ಡೆ ಬೆಂದು, ಒಣಗಿ, ಮೂಟೆಯಾಗಿ ಈರೋಡಿನ ಪೇಟೆಗೆ ಹೋಗುವ ಹೊತ್ತಿಗೆ ಅದರ ಬೆಲೆಯ ನಕ್ಷೆ ರೈತನ ಜೇಬಿನಲ್ಲೇ ಇರುತ್ತದೆ. ಲೆಕ್ಕ ತಿಳಿಯುವುದಕ್ಕೆಂದು ಕೆಲವು ಅಂಕಿ ಕಟ್ಟಿಕೊಳ್ಳೋಣ. ಹದಿನಾಲ್ಕು ದಿನದ ವಹಿವಾಟಿನಲ್ಲಿ ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿದರೆ ಕ್ವಿಂಟಲಿಗೆ 2,800 ರೂಪಾಯಿ. ಇಳಿದ ದಿನಗಳ ಇಳಿಕೆಯನ್ನೆಲ್ಲ ಕೂಡಿದರೆ 700. ಒಟ್ಟು ಅಲುಗಾಟ 3,500. ಅದರಲ್ಲಿ ಏರಿಕೆಯ ಪಾಲು ನೂರಕ್ಕೆ 80. ಆರ್‌ಎಸ್‌ಐ 80 ಎಂದರೆ ಇಷ್ಟೇ. ಮುಂದಿನ ದಿನಗಳಿಗೆ ವೈಲ್ಡರ್ ಸರಾಸರಿಯನ್ನು ಸ್ವಲ್ಪ ನಯ ಮಾಡುತ್ತಾ ಹೋಗುತ್ತಾನೆ, ಅಷ್ಟೆ. 70 ದಾಟಿದರೆ ಕೊಳ್ಳುವವರು ಅತಿಯಾಗಿ ಮುಗಿಬಿದ್ದಿದ್ದಾರೆ ಎಂದೂ, 30ಕ್ಕಿಂತ ಕೆಳಗಿಳಿದರೆ ಮಾರುವವರು ಅತಿಯಾಗಿ ಮುಗಿಬಿದ್ದಿದ್ದಾರೆ ಎಂದೂ ಓದುತ್ತಾರೆ.

ಇಲ್ಲೊಂದು ಗಮನಿಸುವ ಮಾತಿದೆ. ಈ ಯಾವ ಲೆಕ್ಕದಲ್ಲೂ ದ್ರವ್ಯರಾಶಿ ಇಲ್ಲ. ಎಷ್ಟು ಮೂಟೆ ಕೈ ಬದಲಾಯಿತು, ಎಷ್ಟು ಷೇರು ಮಾರಾಟವಾಯಿತು ಎಂಬುದನ್ನು ಆರ್‌ಎಸ್‌ಐ ಕೇಳುವುದೇ ಇಲ್ಲ. ಬೆಲೆಯ ಓಟವನ್ನು ಮಾತ್ರ ನೋಡುತ್ತದೆ. ಒಂಬತ್ತನೇ ತರಗತಿಯ ಮೇಷ್ಟರು ತಿದ್ದಿದರೆ ಇದು ಸಂವೇಗವಲ್ಲ, ಬರೀ ವೇಗ ಎಂದು ಕೆಂಪು ಗೀಟು ಹಾಕುತ್ತಾರೆ. ಲಾರಿ ಸ್ಕೂಟರುಗಳನ್ನು ಬೇರೆ ಮಾಡಲಾಗದ ಸಂವೇಗ ಅದೆಂಥದು?

ಇನ್ನೊಂದು ತೊಡಕೂ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿರುವವರು ನೆನೆಸಿಕೊಳ್ಳಿ. ನಮ್ಮ ವಾಹನವನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ತಿರುವು ಬಂದಾಗ ಬಸ್ಸು ಮುಕ್ಕುತ್ತದೆ, ಡ್ರೈವರ್ ಗೇರು ಇಳಿಸುತ್ತಾರೆ, ವೇಗ ಬೀಳುತ್ತದೆ. ಕಿಟಕಿ ಪಕ್ಕದವರು ಇನ್ನೇನು ಹಿಂದಕ್ಕೆ ಜಾರಿತು ಎಂದು ಸರಳು ಹಿಡಿದುಕೊಳ್ಳುತ್ತಾರೆ. ಬಸ್ಸು ಜಾರುವುದಿಲ್ಲ. ತಿರುವು ದಾಟಿ ಮತ್ತೆ ಓಡುತ್ತದೆ. ಮೇಲಕ್ಕೆಸೆದ ಕಲ್ಲಿನ ವೇಗ ಕುಗ್ಗಿದರೆ ಅದು ಬಿದ್ದೇ ಬೀಳುತ್ತದೆ, ಅದಕ್ಕಿರುವುದು ಒಂದೇ ನೂಕು. ಬಸ್ಸಿಗೆ ಎಂಜಿನ್ನಿದೆ. ಬೆಲೆಗೂ ಹಾಗೆಯೇ, ಹೊಸ ದುಡ್ಡು ಬಂದಾಗಲೆಲ್ಲ ಹೊಸ ನೋದನ. 2023ರ ಮುಂಗಾರಿನಲ್ಲಿ ಎರಡು ಮೂರು ತಿಂಗಳೊಳಗೆ ಅರಿಸಿನದ ವಾಯಿದೆ ಧಾರಣೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಂಥ ಓಟದಲ್ಲಿ ಆರ್‌ಎಸ್‌ಐ ವಾರಗಟ್ಟಲೆ 70ರ ಮೇಲೆಯೇ ಕೂತಿರಬಲ್ಲದು. ಮೊದಲ ಸಲ 70 ಮುಟ್ಟಿದಾಗಲೇ ಇನ್ನು ಬೀಳುತ್ತದೆ ಎಂದು ಮಾರಿದವನಿಗೆ ಉಳಿದ ಏರಿಕೆ ಸಿಗುವುದಿಲ್ಲ.

ಮೊಮೆಂಟಮ್ ಎನ್ನುವವರಲ್ಲೂ ಎರಡು ಬಣ. ಜೇಗದೀಶ್ ಮತ್ತು ಟಿಟ್ಮನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದಲ್ಲಿ, ಹಿಂದಿನ ಮೂರರಿಂದ ಹನ್ನೆರಡು ತಿಂಗಳಲ್ಲಿ ಚೆನ್ನಾಗಿ ಏರಿದ ಷೇರುಗಳು ಮುಂದಿನ ಕೆಲವು ತಿಂಗಳೂ ಉಳಿದವುಗಳಿಗಿಂತ ಮೇಲಾಗಿಯೇ ನಡೆದವು ಎಂದು ಅಮೆರಿಕದ ಪೇಟೆಯಲ್ಲಿ ತೋರಿಸಿದರು. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 2020ರಲ್ಲಿ ನಿಫ್ಟಿ 200 ಮೊಮೆಂಟಮ್ 30 ಎಂಬ ಸೂಚ್ಯಂಕ ತಂದದ್ದು ಅದೇ ನಂಬಿಕೆಯ ಮೇಲೆ. ಓಡಿದ್ದು ಓಡುತ್ತಲೇ ಇರುತ್ತದೆ ಎಂಬುದು ಅಲ್ಲಿನ ಮೊಮೆಂಟಮ್. ಅತಿಯಾಗಿ ಓಡಿದ್ದು ಹಿಂದಕ್ಕೆ ಬರುತ್ತದೆ ಎಂಬುದು 70ರ ಗೆರೆ ನೋಡುವವರ ಮೊಮೆಂಟಮ್. ಒಂದೇ ಹೆಸರಿನಡಿ ಒಬ್ಬರು ಪ್ರಶಸ್ತಪಾದನ ವೇಗವನ್ನು ನಂಬುತ್ತಾರೆ, ಇನ್ನೊಬ್ಬರು ಸ್ಥಿತಿಸ್ಥಾಪಕವನ್ನು.

ಬೇಗ ಎಂಬ ಪದದ ಸರಿದಾಟವನ್ನು ನೆನಪಿನಲ್ಲಿಡಿ ಎಂದಿದ್ದೆ. ಸೂಚಕದ ಮೋಡಿ ಇರುವುದು ಅಲ್ಲೇ. ಅದು ಅಳೆಯುವುದು ಬೆಲೆ ಎಷ್ಟು ಬೇಗ ಓಡುತ್ತಿದೆ ಎಂಬುದನ್ನು. ನಾವು ಕೇಳಿಸಿಕೊಳ್ಳುವುದು ಎಲ್ಲರಿಗಿಂತ ಬೇಗ ಗೊತ್ತಾಗುತ್ತದೆ ಎಂದು. ಮೊದಲನೆಯ ಬೇಗ ಲೆಕ್ಕ, ಎರಡನೆಯದು ಆಸೆ. ಆ ಆಸೆಯ ಬೆಲೆಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅಳೆದಿದೆ. 2024ರ ಸೆಪ್ಟೆಂಬರಿನಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಷೇರಿನ ಫ್ಯೂಚರ್ಸ್, ಆಪ್ಷನ್ಸ್ ವ್ಯಾಪಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು ಎರಡು ಲಕ್ಷ ರೂಪಾಯಿ. ಅವರೆಲ್ಲರ ಪರದೆಯಲ್ಲೂ ಈ ಗೆರೆ ಪುಕ್ಕಟೆಯಾಗಿ ಸಿಗುತ್ತಿತ್ತು.

ಹಾಗಾದರೆ ಮೊಮೆಂಟಮ್ ಸೂಚಕಕ್ಕೆ ಕನ್ನಡ ಏನು? ಸಂವೇಗ ಸೂಚಕ ಎಂದೇ ನನ್ನ ತೀರ್ಮಾನ. ಭೌತವಿಜ್ಞಾನದ ಅರ್ಥದಲ್ಲಿ ಅದು ತಪ್ಪು, ಆಗಲೇ ನೋಡಿದೆವು. ಕನಕಗಿರಿಯ ಅರ್ಥದಲ್ಲಿ ಸರಿ. ಹದಿನಾಲ್ಕು ದಿನದಲ್ಲಿ ಏರಿಕೆಯ ಪಾಲು 80 ಎಂದರೆ, ತಮಗೆಲ್ಲಿ ಸಿಗದೇ ಹೋಗುತ್ತದೋ ಎಂಬ ಅಂಜಿಕೆಯಲ್ಲಿ ಜನ ಕೊಳ್ಳುತ್ತಿದ್ದಾರೆ. 20ಕ್ಕೆ ಬಿದ್ದರೆ, ಇದ್ದದ್ದೂ ಹೋಗುತ್ತದೋ ಎಂಬ ಅಂಜಿಕೆಯಲ್ಲಿ ಮಾರುತ್ತಿದ್ದಾರೆ. ಬೆಲೆಯ ಚಲನೆಯ ಮೂಲಕ ಮನುಷ್ಯರ ಭಯವನ್ನು ಅಳೆಯುವ ಗೆರೆಗೆ, ಭಯವನ್ನೂ ಚಲನೆಯನ್ನೂ ಒಂದೇ ಧಾತುವಿನಲ್ಲಿ ಹೊತ್ತ ಪದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಡಿ.ಎಡ್. ಮೇಷ್ಟರ ಕೊಠಡಿಯಲ್ಲಿ ಆ ಪದ ಕುಳಿತಿದ್ದೂ ಸರಿಯಾದ ಜಾಗದಲ್ಲೇ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅಳಿಯ ನಿಜವಾದ ಪ್ರಶ್ನೆಗೆ ಬಂದ: "ಅದೆಲ್ಲ ಸರಿ ಮಾವ, ಅರಿಸಿನ ಮಾರ್ಲಾ, ಮಡಿಕಳ್ಳಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇನ್ನೊಂದು ಪದ ಮಾತ್ರ ಇತ್ತು. ನಾವು ಪೇಟೆಯ ಬೆಲೆಗೆ ಧಾರಣೆ ಎನ್ನುತ್ತೇವೆ. ಪತ್ರಿಕೆಗಳಲ್ಲಿ 'ಪೇಟೆ ಧಾರಣೆ' ಎಂದೇ ಬರುತ್ತದೆ, ಮರಾಠಿಯಲ್ಲೂ ಧಾರಣ ಎಂದರೆ ದರ. ಆದರೆ ಧಾರಣೆಯ ಮೊದಲ ಅರ್ಥ ಹಿಡಿದಿಟ್ಟುಕೊಳ್ಳುವುದು. ಯೋಗದ ಆರನೇ ಅಂಗವಾದ ಧಾರಣೆ ಎಂದರೆ ಮನಸ್ಸನ್ನು ಒಂದು ಕಡೆ ಹಿಡಿದು ನಿಲ್ಲಿಸುವುದು. ಅವನ ಪಕ್ಕದ ಹೊಲದವರ ಟೊಮೆಟೊಗೆ ಬೆಲೆಯ ಧಾರಣೆ ಉಂಟು, ಹಿಡಿದಿಡುವ ಧಾರಣೆ ಇಲ್ಲ. ಎರಡು ದಿನ ಇಟ್ಟರೆ ರಸ ಸುರಿಯುತ್ತದೆ. ಬೇಯಿಸಿ ಒಣಗಿಸಿದ ಅರಿಸಿನಕ್ಕೆ ಎರಡೂ ಉಂಟು. ಡಿಮ್ಯಾಟ್ ಖಾತೆಯ ಷೇರಿಗೂ ಉಂಟು.

ವೇಗ, ಧಾರಣೆ ಎರಡನ್ನೂ ಜೋಡಿಸಿದ ಪದವನ್ನು ವೈದ್ಯರು ಬಹಳ ಹಿಂದೆಯೇ ಬಳಸಿದ್ದಾರೆ: ವೇಗಧಾರಣೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯ ಶುರುವಾಗುವುದೇ ಇದರಿಂದ. ತಡೆಯಬಾರದ ವೇಗಗಳು, ಎಂದರೆ ದೇಹದ ಒತ್ತಡಗಳು, ಹದಿಮೂರು: ಹಸಿವು, ಬಾಯಾರಿಕೆ, ನಿದ್ದೆ, ಸೀನು, ಕಣ್ಣೀರು ಮುಂತಾದವು. ದಣಿದಾಗ ಬರುವ ಏದುಸಿರು, ನಮ್ಮಕ್ಕನ ದಮ್ಮು, ಆ ಪಟ್ಟಿಯಲ್ಲಿದೆ. ತಡೆಯಲೇಬೇಕಾದ ವೇಗಗಳ ಪಟ್ಟಿ ಬೇರೆ ಇದೆ. ಅದರಲ್ಲಿ ಮೊದಲನೆಯದು ಲೋಭ, ಮೂರನೆಯದು ಭಯ.